ಗೃಹರಕ್ಷಕರ ದೀರ್ಘ ಸೇವೆಗೆ ಪಿಂಚಣಿ ಇದೆಯೇ?

ಪ್ರಶ್ನೆ: ನಮ್ಮ ತಂದೆಯವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗೃಹರಕ್ಷಕ ದಳದಲ್ಲಿದ್ದು ಈಗ ಹೊರಬಂದಿದ್ದಾರೆ. ಅವರಿಗೆ ಪಿಂಚಣಿ ಬರುತ್ತದೆಯೇ?

ಉತ್ತರ: ಸರ್ಕಾರಿ ನೌಕರರಿಗೆ ಸಿಗುವಂಥ ಪಿಂಚಣಿ ಗೃಹರಕ್ಷಕರಿಗೆ ಇಲ್ಲ. 1962ರ ಕಾಯ್ದೆಯಡಿ ನಡೆಯುವ ಕರ್ನಾಟಕದ ಈ ದಳವು ಸ್ವಯಂಸೇವಕರ ಪಡೆಯಾದ್ದರಿಂದ, ನೆರೆ ಬಂದಾಗ ನೀರಿಗಿಳಿದವರಿಗೂ ಚುನಾವಣೆಯಲ್ಲಿ ಮತಗಟ್ಟೆ ಕಾದವರಿಗೂ ದೊರೆಯುವುದು ಕರ್ತವ್ಯಕ್ಕೆ ಹಾಜರಾದ ದಿನಗಳ ಭತ್ಯೆಯೇ ಹೊರತು ಸಂಬಳವಲ್ಲ. ಹಿಮಾಚಲ ಪ್ರದೇಶ ಮತ್ತಿತರ ರಾಜ್ಯಗಳ ಗೃಹರಕ್ಷಕರು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲಿ ಸೇವೆ ಕಾಯಂಗೊಳಿಸುವ ಬೇಡಿಕೆಯನ್ನು ಒಪ್ಪಲಿಲ್ಲ. ಆದರೆ 30 ದಿನಗಳ ಭತ್ಯೆ ಒಟ್ಟು ಸೇರಿದಾಗ ಪೊಲೀಸ್ ಸಿಬ್ಬಂದಿಯ ಕನಿಷ್ಠ ವೇತನಕ್ಕೆ ಸಮನಾಗುವಂತೆ ದರ ನಿಗದಿಪಡಿಸಲು ಸೂಚಿಸಿತು. ಇದರಿಂದ ದಿನಗಳ ಬೆಲೆ ಹೆಚ್ಚಿತು, ವರ್ಷಗಳಿಗೆ ಬೆಲೆ ಬರಲಿಲ್ಲ. ರಾಷ್ಟ್ರಪತಿ ಪದಕಗಳು ಇವೆಯಾದರೂ ಅವು ಕೆಲವೇ ಮಂದಿಗೆ ಸಲ್ಲುತ್ತವೆ.

ನೌಕರರಲ್ಲದವರಿಗೆ ಪಿಂಚಣಿ ಕೊಡಲಾಗದು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸ್ವಯಂಸೇವಕ ಅಗ್ನಿಶಾಮಕರಿಗೂ ಆಂಬ್ಯುಲೆನ್ಸ್ ಕಾರ್ಯಕರ್ತರಿಗೂ ಸೇವಾವಧಿಯ ಆಧಾರದ ಮೇಲೆ ಹಣ ನೀಡುವ ವ್ಯವಸ್ಥೆಯನ್ನು ಸ್ಥಳೀಯ ಮತದಾರರ ಒಪ್ಪಿಗೆ ಪಡೆದು ಜಾರಿಗೊಳಿಸಲಾಗುತ್ತದೆ. ತರಬೇತಿ, ಕವಾಯತು, ಸಭೆ, ಕರೆ ಬಂದಾಗ ಧಾವಿಸುವುದು, ಠಾಣೆಯಲ್ಲಿ ಸನ್ನದ್ಧರಾಗಿ ಕಾಯುವುದು ಇವೆಲ್ಲಕ್ಕೂ ಅಲ್ಲಿ ಅಂಕಗಳಿವೆ. ವರ್ಷಕ್ಕೆ 50 ಅಂಕ ಗಳಿಸಿದವರಿಗೆ ಒಂದು ವರ್ಷದ ಸೇವೆ ಜಮೆಯಾಗುತ್ತದೆ. ಬರೀ ಸಭೆಗಳಿಗೆ ಹೋಗಿಯೇ ಅಷ್ಟನ್ನೂ ಗಳಿಸದಂತೆ ಒಂದೊಂದು ಬಾಬತ್ತಿಗೂ ಮಿತಿಯಿದೆ. ವರ್ಷಾಂತ್ಯದ ಪಟ್ಟಿಯನ್ನು ಕನಿಷ್ಠ 30 ದಿನ ಸದಸ್ಯರ ಪರಿಶೀಲನೆಗಾಗಿ ಪ್ರಕಟಿಸಿಡಬೇಕೆಂಬ ನಿಯಮ ನನಗೆ ಬಹಳ ಹಿಡಿಸಿದೆ, ಏಕೆಂದರೆ ತನ್ನ ದುಡಿಮೆ ಬಿಟ್ಟುಹೋಗಿದ್ದರೆ ಸದಸ್ಯನೇ ಅದನ್ನು ಕಂಡು ಕೇಳಬಹುದು. ಒಂದು ವರ್ಷದ ಸೇವೆಗೆ ತಿಂಗಳಿಗೆ 20 ಡಾಲರ್ ಎಂದು ನಿಗದಿಯಾಗಿದ್ದರೆ, 20 ವರ್ಷ ಪೂರೈಸಿದವರು ನಿಗದಿತ ವಯಸ್ಸಿನ ಬಳಿಕ ತಿಂಗಳಿಗೆ 400 ಡಾಲರ್ ಪಡೆಯುತ್ತಾರೆ. ಅವರು ಸ್ವಯಂಸೇವಕರಾಗಿಯೇ ಉಳಿದಿರುತ್ತಾರೆ.

ನಮ್ಮಲ್ಲೂ ಭತ್ಯೆ ಪಾವತಿಗಾಗಿ ಹಾಜರಾತಿ ಹೇಗೂ ದಾಖಲಾಗುತ್ತದೆ. ಅದನ್ನೇ ವರ್ಷವಾರು ಕ್ರೋಡೀಕರಿಸಿ, ಸದಸ್ಯರಿಗೆ ತೋರಿಸಿ, ರಾಜ್ಯ ಬಜೆಟ್‌ನಲ್ಲಿ ಒಂದು ನಿಧಿ ತೆಗೆದಿರಿಸಿದರೆ ಸೇವೆ ಕಾಯಂಗೊಳಿಸುವ ವ್ಯಾಜ್ಯಕ್ಕೆ ಕೈಹಾಕದೆಯೇ ಇಂಥದ್ದೊಂದು ಯೋಜನೆ ರೂಪಿಸಬಹುದು. ಮುಂದೆ ಅದು ಜಾರಿಯಾದರೆ ಹಳೆಯ ಸೇವೆಗೆ ಪುರಾವೆ ಕೇಳುವುದು ಸಹಜವಾದ್ದರಿಂದ, ನಿಮ್ಮ ತಂದೆಯವರ ಸೇರ್ಪಡೆ ಆದೇಶ, ತರಬೇತಿ ಪ್ರಮಾಣಪತ್ರ ಮತ್ತು ಕರ್ತವ್ಯದ ಆದೇಶಗಳನ್ನು ಜೋಪಾನವಾಗಿರಿಸಿ; ಸೇವಾವಧಿಯ ದೃಢೀಕರಣ ಪತ್ರವನ್ನು ಜಿಲ್ಲಾ ಸಮಾದೇಷ್ಟರ ಕಚೇರಿಯಿಂದ ಈಗಲೇ ಕೇಳಿ ಪಡೆಯಿರಿ.