"ಆಕಿ ನನಗ ಸೇರಂಗಿಲ್ರಿ": ಎಲ್ಲರೂ ಹೊಗಳೋ ನಾಯಕಿ ನಮಗೆ ಹಿಡಿಸದಿದ್ದರೆ?

ಪ್ರಶ್ನೆ: ದಿ ಹಂಗರ್ ಗೇಮ್ಸ್ ಓದಿದೆ. ಕತೆ ಒಂದೇ ಉಸಿರಿಗೆ ಓದಿಸಿಕೊಂಡು ಹೋಯಿತು. ಆದರೆ ನಾಯಕಿ ಕ್ಯಾಟ್ನಿಸ್ ಮಾತ್ರ ಇಷ್ಟ ಆಗಲಿಲ್ಲ. ಸಿಡುಕಿ, ಕಲ್ಲುಮನಸ್ಸಿನವಳು ಅನ್ನಿಸಿತು. ಎಲ್ಲರೂ ಅವಳನ್ನೇ ಹೊಗಳುತ್ತಾರೆ. ನಾನು ಓದಿದ್ದೇ ಸರಿ ಇಲ್ಲವಾ?

ಉತ್ತರ: ಈ ಪ್ರಶ್ನೆ ನನಗೆ ಹೊಸದಲ್ಲ. ರಾಯಚೂರಿನಲ್ಲಿ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ಮನೆಯಲ್ಲಿ ಒಂದು ಕಬ್ಬಿಣದ ರ‍್ಯಾಕ್ ಇದೆ, ನೋಟ್‌ಬುಕ್ಕಿನಲ್ಲಿ ಹೆಸರು ಬರೆದಿಟ್ಟು ಯಾರು ಬೇಕಾದರೂ ಪುಸ್ತಕ ಒಯ್ಯಬಹುದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಲ್ಲಿ ಮಧ್ಯಾಹ್ನ ಹೊಸ್ತಿಲು ದಾಟೋಕೆ ಆಗಲ್ಲ, ಹಾಗಾಗಿ ರ‍್ಯಾಕ್ ಖಾಲಿಯಾಗುತ್ತೆ. ಅದರಲ್ಲಿ ಹೆಚ್ಚು ಸವೆದಿರೋದು ಇದೇ ಪುಸ್ತಕ, ರಟ್ಟು ಕಿತ್ತುಬಂದು ಎರಡು ಸಲ ಟೇಪ್ ಹಾಕಿದ್ದೇನೆ. ಮತ್ತು ಪ್ರತಿ ವರ್ಷ ಯಾರಾದರೂ ಒಬ್ಬರು ಅದನ್ನು ವಾಪಸ್ ಕೊಡುವಾಗ ಮುಖ ಸಿಂಡರಿಸುತ್ತಾರೆ. ಈ ವರ್ಷದ ಹುಡುಗಿ ಪುಸ್ತಕವನ್ನು ಟೇಬಲ್ ಮೇಲೆ ಇಟ್ಟಳು ಅನ್ನೋದಕ್ಕಿಂತ ಕುಕ್ಕಿದಳು.

"ಆಕಿ ನನಗ ಸೇರಂಗಿಲ್ರಿ ಮೇಡಂ. ಬೆಕ್ಕಿನ ಮರೀನ ಬಕೀಟ್ನ್ಯಾಗ ಮುಳುಗಿಸಾಕ ಹೋಗಿದ್ಳಂತ. ಅಂಥಾಕಿ ಎಂಥಾ ಹೀರೋಯಿನ್ರಿ?"

ನಿಮ್ಮ ಪ್ರಶ್ನೆಗೆ ನೇರ ಉತ್ತರ: ತಪ್ಪೇನೂ ಇಲ್ಲ. ಪುಸ್ತಕ ಮೆಚ್ಚಿಕೊಂಡು ನಾಯಕಿಯನ್ನು ಮೆಚ್ಚದೆ ಇರಬಹುದು. ಆದರೆ "ಇಷ್ಟ ಆಗಲಿಲ್ಲ" ಅನ್ನುವ ಒಂದು ಮಾತಿನೊಳಗೆ ಬೇರೆ ಬೇರೆ ಸಂಗತಿಗಳು ಮುದ್ದೆಯಾಗಿ ಕೂತಿರುತ್ತವೆ. ನಾನು ಮಕ್ಕಳಿಗೆ ಕೇಳೋದು ಇಷ್ಟೇ: ಅವಳು ನಿನಗೆ ಸೇರಲಿಲ್ಲವಾ, ಅವಳು ಮಾಡಿದ್ದನ್ನು ನೀನು ಒಪ್ಪಲಿಲ್ಲವಾ, ಅಥವಾ ಅವಳನ್ನು ನಂಬೋಕೇ ಆಗಲಿಲ್ಲವಾ? ಈ ಮೂರೂ ಬೇರೆ.

ಮೊದಲು ಸೇರದ ವಿಷಯ. ಜಗಳ ಜಾಸ್ತಿ ಇರೋದು ಇಲ್ಲೇ.

ಓದದವರಿಗೆ ಎರಡು ಮಾತು. ಸುಝೇನ್ ಕಾಲಿನ್ಸ್ ಬರೆದ ಈ ಕಾದಂಬರಿ ಬಂದಿದ್ದು 2008ರಲ್ಲಿ. ಪ್ಯಾನೆಮ್ ಅನ್ನುವ ದೇಶ, ಕ್ಯಾಪಿಟಲ್ ಅನ್ನುವ ಮೆರೆಯುವ ರಾಜಧಾನಿ, ಅದಕ್ಕೆ ದುಡಿದು ಹಾಕುವ 12 ಜಿಲ್ಲೆಗಳು. ಪ್ರತಿ ವರ್ಷ ಒಂದೊಂದು ಜಿಲ್ಲೆಯಿಂದ 12ರಿಂದ 18 ವಯಸ್ಸಿನ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಚೀಟಿ ಎತ್ತಿ ಆರಿಸುತ್ತಾರೆ. ಆ 24 ಮಕ್ಕಳು ಒಬ್ಬರನ್ನೊಬ್ಬರು ಕೊಲ್ಲಬೇಕು, ಒಬ್ಬರು ಉಳಿಯುವ ತನಕ. ಇದು ಟಿವಿಯಲ್ಲಿ ಬರುತ್ತೆ, ಎಲ್ಲರೂ ನೋಡಲೇಬೇಕು. ಒಂದು ರಾತ್ರಿ ಚಾನೆಲ್ ಬದಲಿಸುತ್ತಾ ಒಂದು ಕಡೆ ರಿಯಾಲಿಟಿ ಶೋ, ಇನ್ನೊಂದು ಕಡೆ ಇರಾಕ್ ಯುದ್ಧ ನೋಡುತ್ತಿದ್ದಾಗ ಎರಡೂ ಕಲಸಿಹೋಗಿ ಈ ಕತೆ ಹೊಳೆಯಿತು ಅಂತ ಲೇಖಕಿಯೇ ಹೇಳಿದ್ದಾರೆ. ದೇಶದ ಹೆಸರು ಬಂದಿರೋದು "ರೊಟ್ಟಿ ಮತ್ತು ಆಟ" ಅನ್ನುವ ರೋಮನ್ನರ ಹಳೇ ಮಾತಿನಿಂದ. ಹೊಟ್ಟೆಗೆ ಒಂದಿಷ್ಟು, ಕಣ್ಣಿಗೆ ಒಂದಿಷ್ಟು ಕೊಟ್ಟರೆ ಜನ ಸುಮ್ನೆ ಇರುತ್ತಾರೆ ಅಂತ.

ಕ್ಯಾಟ್ನಿಸ್ ಊರು 12ನೇ ಜಿಲ್ಲೆ. ಕಲ್ಲಿದ್ದಲು ಅಗೆಯುವವರ ಊರು. ಅಲ್ಲಿ ಕಲ್ಲಿದ್ದಲು ತೆಗೆಯುತ್ತಾರೆ, ಆದರೆ ಮನೆಗಳಲ್ಲಿ ಕರೆಂಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಇದನ್ನು ನಮ್ಮ ಮಕ್ಕಳಿಗೆ ವಿವರಿಸಬೇಕಾಗಿಯೇ ಇಲ್ಲ. 1985ರಿಂದ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಸಿ ರಾಜ್ಯಕ್ಕೆಲ್ಲ ಕರೆಂಟ್ ಕೊಡುತ್ತಿರುವ ಜಿಲ್ಲೆ ನಮ್ಮದು, ಪರೀಕ್ಷೆ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗೋದೂ ನಮ್ಮದೇ. ದೀಪದ ಬುಡದಲ್ಲಿ ಕತ್ತಲೆ ಅಂತ ನಾನು ಅನ್ನುವ ಮೊದಲೇ ಹಿಂದಿನ ಬೆಂಚಿನಿಂದ ಯಾರೋ ಅಂದಿರುತ್ತಾರೆ.

ಅವಳಿಗೆ ಹನ್ನೊಂದು ವರ್ಷ ಇದ್ದಾಗ ಅಪ್ಪ ಗಣಿಯಲ್ಲಿ ಸ್ಫೋಟವಾಗಿ ಸತ್ತ. ಅಮ್ಮ ಮಾತು ಬಿಟ್ಟು ಮೂಲೆ ಹಿಡಿದಳು. ತಂಗಿ ಪ್ರಿಮ್ ಚಿಕ್ಕವಳು. ಈ ಹುಡುಗಿ ಬೇಲಿ ದಾಟಿ ಕಾಡಿಗೆ ಹೋಗಿ ಬಿಲ್ಲಿನಲ್ಲಿ ಹೊಡೆದು ತಂದು ಮನೆ ಸಾಕಿದಳು. ಆ ಚೀಟಿಯ ಲೆಕ್ಕವನ್ನೂ ನೋಡಿ. 12ನೇ ವಯಸ್ಸಿಗೆ ನಿಮ್ಮ ಹೆಸರಿನ ಒಂದು ಚೀಟಿ, ಆಮೇಲೆ ವರ್ಷಕ್ಕೊಂದು ಸೇರುತ್ತಾ ಹೋಗುತ್ತೆ. ಹಸಿದವರು ಇನ್ನೂ ಚೀಟಿ ಹಾಕಿಸಿಕೊಳ್ಳಬಹುದು, ಒಂದು ಚೀಟಿಗೆ ಒಬ್ಬರಿಗಾಗುವಷ್ಟು ವರ್ಷದ ಕಾಳು, ಎಣ್ಣೆ ಸಿಗುತ್ತೆ. ಅವಳು ತನಗೆ, ತಂಗಿಗೆ, ಅಮ್ಮನಿಗೆ ಅಂತ ವರ್ಷಕ್ಕೆ ಮೂರು ಹೆಚ್ಚು ಹಾಕಿಸಿದ್ದಾಳೆ. ಹದಿನಾರಕ್ಕೆ ಬರುವಷ್ಟರಲ್ಲಿ 20 ಚೀಟಿ. ತಂಗಿಯದು ಒಂದೇ ಒಂದು. ಬರೋದು ಆ ಒಂದೇ. ತಂಗಿಯ ಬದಲು ನಾನು ಹೋಗುತ್ತೇನೆ ಅಂತ ಇವಳು ಮುಂದೆ ಬರುತ್ತಾಳೆ. ನ್ಯಾಯಬೆಲೆ ಅಂಗಡಿ ಮುಂದೆ ಹೆಬ್ಬೆಟ್ಟು ಮೂಡದೆ ಮೂರು ಸಲ ಬೆರಳು ಒರೆಸಿಕೊಂಡು ನಿಂತ ಅಜ್ಜಿಯನ್ನು ನೋಡಿದವರಿಗೆ, ಊಟಕ್ಕೆ ಬದಲಾಗಿ ಹೆಸರು ಕೊಡೋದು ಅಂದರೇನು ಅಂತ ಬೇಗ ಹೊಳೆಯುತ್ತೆ.

ಇಂಥ ಹುಡುಗಿಗೆ ಬೆಕ್ಕಿನ ಮರಿ ಮುದ್ದಾಗಿ ಕಾಣಲ್ಲ. ಇನ್ನೊಂದು ಬಾಯಿ ಅಂತ ಕಾಣುತ್ತೆ. ಪ್ರಿಮ್ ಅತ್ತು ಕರೆದಿದ್ದಕ್ಕೆ ಆ ಬೆಕ್ಕು ಉಳಿಯಿತು.

ಈ ಮಾತಿಗೆ ಆ ಹುಡುಗಿ ಒಪ್ಪಲಿಲ್ಲ ಬಿಡಿ. ಆದರೆ ಅವಳ ಪಕ್ಕ ಕೂತಿದ್ದ ಇನ್ನೊಬ್ಬಳು, ದೇವದುರ್ಗದ ಕಡೆಯ ಹಳ್ಳಿಯವಳು, ಇಡೀ ತಿಂಗಳು ತುಟಿ ಬಿಚ್ಚದವಳು, ತಟ್ಟನೆ ಅಂದಳು: "ನಮ್ಮಕ್ಕ ಹಿಂಗ ಅದಾಳ್ರಿ." ಅವರ ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಕಟ್ಟಡದ ಕೆಲಸಕ್ಕೆ. ಅಕ್ಕ ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು, ಅಜ್ಜಿ ಮತ್ತು ಇಬ್ಬರು ಚಿಕ್ಕವರನ್ನು ನೋಡಿಕೊಂಡಳು. "ನಗಂಗಿಲ್ರಿ ಆಕಿ. ರೊಟ್ಟಿ ಎಣಸಿ ಇಡ್ತಾಳ. ನಾಯಿಗೆ ಒಂದ್ ತುಂಡ ಹಾಕಿದ್ರ ಬೈತಿದ್ಳು." ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನನಗೂ ಆಕಿ ಸೇರತಿರಲಿಲ್ರಿ ಆವಾಗ" ಅಂದಳು.

ನನ್ನ ಹತ್ತಿರ ಇದಕ್ಕಿಂತ ಒಳ್ಳೆಯ ವಿವರಣೆ ಇಲ್ಲ. ಗಮನಿಸಿ, ಅವಳು ಅಕ್ಕನನ್ನು ಇಷ್ಟಪಟ್ಟೆ ಅನ್ನಲಿಲ್ಲ, ಗುರುತು ಸಿಕ್ಕಿತು ಅಂದಳು. ಪುಸ್ತಕವೂ ಬಹುಶಃ ನಮ್ಮಿಂದ ಕೇಳೋದು ಅಷ್ಟೇ.

ಸೇರದೆ ಇರೋಕೆ ಇನ್ನೊಂದು ಕಾರಣ ಇದೆ, ಅದು ಅವಳ ಗುಣದ್ದಲ್ಲ, ಕತೆ ಹೇಳುವ ರೀತಿಯದು. ಇಡೀ ಕತೆಯನ್ನು ಅವಳೇ ಹೇಳುತ್ತಾಳೆ, ಅದೂ ವರ್ತಮಾನದಲ್ಲಿ, ಈಗ ನಡೆಯುತ್ತಿರುವಂತೆ. ಕನ್ನಡದಲ್ಲಿ ನಾವು ಕತೆ ಹೇಳೋದು ಹಾಗಲ್ಲ. "ಒಂದೂರಲ್ಲಿ ಒಬ್ಬ ರಾಜ ಇದ್ದ" ಅಂತ ಶುರು ಮಾಡುತ್ತೇವೆ. "ನಾನು ಓಡುತ್ತೇನೆ" ಅಂದರೆ ನಮಗೆ ನಾಳೆ ಓಡುವ ಮಾತೂ ಆಗಬಹುದು, ದಿನಾ ಓಡುವ ಮಾತೂ ಆಗಬಹುದು. ಆಮೇಲೆ ಹೇಳುವವನಿಗೆ ಸ್ವಲ್ಪ ಬುದ್ಧಿ ಬಂದಿರುತ್ತೆ, "ಅವತ್ತು ನಾನು ಹಾಗೆ ಅನ್ನಬಾರದಿತ್ತು" ಅಂತ ಒಂದು ಮಾತು ಸೇರಿಸುತ್ತಾನೆ. ಕ್ಯಾಟ್ನಿಸ್‌ಗೆ ಆ ಅವಕಾಶವೇ ಇಲ್ಲ. ಮನಸ್ಸಿಗೆ ಬಂದ ಪ್ರತಿ ಅನುಮಾನ, ಪ್ರತಿ ಸಿಟ್ಟು ಬಿಸಿಬಿಸಿಯಾಗಿ ನಮ್ಮ ಕಿವಿಗೆ ಬೀಳುತ್ತೆ. ನಮ್ಮ ತಲೆಯೊಳಗೆ ಇಡೀ ದಿನ ಓಡೋದನ್ನು ಯಾರಾದರೂ ಹೀಗೆ ಕೇಳಿಸಿಕೊಂಡರೆ ನಮ್ಮನ್ನು ಎಷ್ಟು ಜನ ಇಷ್ಟಪಟ್ಟಾರು, ಅಲ್ವಾ? 2012ರ ಸಿನಿಮಾ ನೋಡಿ ಮೆಚ್ಚಿದವರು ಪುಸ್ತಕ ಓದಿ ಬೇಜಾರಾಗೋದು ಇದಕ್ಕೇ ಅಂತ ನನಗನ್ನಿಸುತ್ತೆ. ಪರದೆ ಮೇಲೆ ಅವಳ ಮುಖ ಕಾಣುತ್ತೆ, ಒಳಗಿನ ಗೊಣಗಾಟ ಕೇಳಿಸಲ್ಲ.

ಪೀಟಾ ವಿಷಯದಲ್ಲಿ ಆಗೋದೂ ಇದೇ. ಅದೇ ಜಿಲ್ಲೆಯಿಂದ ಅವಳ ಜೊತೆ ಆಟಕ್ಕೆ ಹೋದವನು, ಬೇಕರಿಯವರ ಮಗ, ಒಳ್ಳೆಯ ಹುಡುಗ. ಅವಳ ಮನೆಯಲ್ಲಿ ಹಸಿವು ಮಿತಿಮೀರಿದ್ದ ದಿನ ಬೇಕಂತಲೇ ಬ್ರೆಡ್ ಸುಟ್ಟು, ಅಮ್ಮನ ಕೈಲಿ ಏಟು ತಿಂದು, ಮಳೆಯಲ್ಲಿ ನಿಂತಿದ್ದವಳ ಕಡೆ ಎಸೆದವನು. ಅವನಿಗೆ ಅವಳ ಮೇಲೆ ನಿಜವಾದ ಪ್ರೀತಿ ಇದೆ ಅಂತ ಓದುಗರಿಗೆ ಬೇಗನೇ ಗೊತ್ತಾಗಿ ಹೋಗುತ್ತೆ. ಅವಳಿಗೆ ಗೊತ್ತಾಗಲ್ಲ. ಇದೂ ಆಟದ ಒಂದು ತಂತ್ರ ಅಂತಲೇ ಅಂದುಕೊಂಡಿರುತ್ತಾಳೆ, ಟಿವಿ ಸಂದರ್ಶನದಲ್ಲಿ ಪ್ರೀತಿ ಹೇಳಿಕೊಂಡಿದ್ದಕ್ಕೆ ಅವನನ್ನು ತಳ್ಳಿ ಕೈ ರಕ್ತ ಮಾಡುತ್ತಾಳೆ. ನಾವು ಪುಸ್ತಕದ ಮೇಲೆ ಕೈ ಬಡಿದು "ಅಯ್ಯೋ ದಡ್ಡಿ" ಅನ್ನುತ್ತೇವೆ. ಅನ್ನಲಿ ಅಂತಲೇ ಹಾಗೆ ಬರೆದಿರೋದು. ಅವಳಿಗಿಂತ ನಮಗೆ ಹೆಚ್ಚು ಗೊತ್ತಿರೋದರಿಂದ ಬರುವ ಸಿಡುಕು ಅದು, ಅವಳ ಮೇಲಿನ ದ್ವೇಷ ಅಲ್ಲ.

ಇನ್ನು ಒಪ್ಪದ ವಿಷಯ. ಇಲ್ಲಿ ನಾನೂ ನಿಮ್ಮ ಜೊತೆ ಇದ್ದೇನೆ.

ಆಟದ ನಡುವೆ ಒಂದು ಗುಹೆಯಲ್ಲಿ ಪೀಟಾ ಜ್ವರದಲ್ಲಿ ಬಿದ್ದಿರುವಾಗ ಅವಳು ಪ್ರೀತಿಯ ನಾಟಕ ಆಡುತ್ತಾಳೆ. ಒಂದು ಮುತ್ತು ಕೊಟ್ಟ ಮೇಲೆ ಟಿವಿ ನೋಡಿ ಮೆಚ್ಚಿದವರ ದುಡ್ಡಿನಲ್ಲಿ ಹೊರಗಿನಿಂದ ಒಂದು ಪಾತ್ರೆ ಬಿಸಿ ಸಾರು ಬರುತ್ತೆ, ಲೆಕ್ಕ ಅವಳಿಗೆ ಅರ್ಥವಾಗುತ್ತೆ. ಬದುಕೋಕೆ ಆಡಿದ ನಾಟಕ, ಅವನ ಜೀವ ಉಳಿಸೋಕೂ ಆಡಿದ್ದು. ಆದರೂ ಕೊನೆಗೆ ಇಬ್ಬರನ್ನೂ ಗೆದ್ದವರು ಅಂತ ಬಿಟ್ಟು ಕಳಿಸಿದ ಮೇಲೆ, ಊರಿಗೆ ವಾಪಸ್ ಬರುವ ದಾರಿಯಲ್ಲಿ ಅದು ನಾಟಕ ಅಂತ ಅವನಿಗೆ ಗೊತ್ತಾಗುವ ಪುಟಗಳನ್ನು ಓದುವಾಗ ನನಗೆ ಅವಳ ಮೇಲೆ ಸಿಟ್ಟು ಬರುತ್ತೆ. ನಾಲ್ಕನೇ ಸಲ ಓದಿದಾಗಲೂ ಬಂತು.

(ಮೂರನೇ ಭಾಗ ಓದದವರು ಮುಂದಿನ ಪ್ಯಾರಾ ಹಾರಿಸಿ.)

ಮೂರನೇ ಭಾಗ, 2010ರಲ್ಲಿ ಬಂದಿದ್ದು. ಕ್ಯಾಪಿಟಲ್ ವಿರುದ್ಧ ಜಿಲ್ಲೆಗಳು ಎದ್ದ ದಂಗೆ ಗೆದ್ದಿದೆ, ಪ್ರಿಮ್ ಸತ್ತಿದ್ದಾಳೆ. ದಂಗೆಯ ನಾಯಕಿ ಕಾಯಿನ್ ಒಂದು ಮಾತು ಮುಂದಿಡುತ್ತಾಳೆ: ಇನ್ನೊಂದೇ ಒಂದು ಆಟ ಆಡಿಸೋಣ, ಈ ಸಲ ಕ್ಯಾಪಿಟಲ್‌ನವರ ಮಕ್ಕಳನ್ನು ಹಾಕಿ. ಹಿಂದೆ ಆಟ ಗೆದ್ದು ಬದುಕಿ ಉಳಿದ ಏಳು ಜನ ಮತ ಹಾಕಬೇಕು. ಪೀಟಾ ಬೇಡವೇ ಬೇಡ ಅನ್ನುತ್ತಾನೆ. ಕ್ಯಾಟ್ನಿಸ್ ಹೂಂ ಅನ್ನುತ್ತಾಳೆ, ಪ್ರಿಮ್‌ಗೋಸ್ಕರ ಅಂತ. ಆಮೇಲೆ ಅವಳು ಬಾಣ ಬಿಡೋದು ಹಳೇ ಸರ್ವಾಧಿಕಾರಿ ಸ್ನೋ ಮೇಲಲ್ಲ, ಕಾಯಿನ್ ಮೇಲೆ. ಹಾಗಾದರೆ ಆ ಹೂಂ ಕಾಯಿನ್‌ಳ ನಂಬಿಕೆ ಗಳಿಸೋಕೆ ಹೂಡಿದ ಉಪಾಯವಾ, ಅಥವಾ ದುಃಖದಲ್ಲಿ ನಿಜವಾಗಿಯೂ ಬಂದ ಮಾತಾ? ಪುಸ್ತಕ ಬಿಡಿಸಿ ಹೇಳಲ್ಲ. ನಮ್ಮ ಟ್ಯೂಷನ್ನಿನಲ್ಲಿ ಇದರ ಮೇಲೆ ಒಂದು ಸಂಜೆ ಪೂರ್ತಿ ಜಗಳ ಆಗಿ, ಗ್ರಾಮರ್ ಪಾಠ ಹೋಯಿತು. ಉಪಾಯ ಅಂತ ಓದಿದರೆ ಅವಳು ಪಾರಾಗುತ್ತಾಳೆ, ಅದಕ್ಕೇ ಆ ಓದು ನನಗೆ ಸ್ವಲ್ಪ ಅನುಮಾನ. ಅವಳು ನಿಜವಾಗಿಯೇ ಹೂಂ ಅಂದಿದ್ದಾಳೆ ಅಂತ ನಾನು ಓದುತ್ತೇನೆ, ಒಪ್ಪಲ್ಲ, ಮತ್ತು ಹಾಗೆ ಒಪ್ಪದೆ ಇರೋಕೆ ಜಾಗ ಬಿಟ್ಟಿದ್ದಕ್ಕೇ ಪುಸ್ತಕ ನನಗೆ ಹಿಡಿಸಿತು.

ನಂಬೋಕೆ ಆಗದಿರೋದು ಮೂರನೆಯದು. ಅಲ್ಲಿ ತಪ್ಪು ಬರೆದವರದು, ಅದಕ್ಕೆ ಜಾಸ್ತಿ ಹೊತ್ತು ಬೇಡ. ವೆರೋನಿಕಾ ರಾತ್ ಬರೆದ ಡೈವರ್ಜೆಂಟ್ 2011ರಲ್ಲಿ ಬಂತು, ಅದರ ನಾಯಕಿ ಟ್ರಿಸ್ ಕೂಡ ಹದಿನಾರರವಳೇ. ಅಲ್ಲಿ ಊರನ್ನು ಐದು ಪಂಗಡ ಮಾಡಿ, ಒಂದೊಂದಕ್ಕೆ ಒಂದೊಂದು ಗುಣ ಹಂಚಿದ್ದಾರೆ: ಧೈರ್ಯದವರು, ಜಾಣರು, ಸತ್ಯ ಹೇಳುವವರು ಹೀಗೆ. ಒಂದಕ್ಕಿಂತ ಹೆಚ್ಚು ಗುಣ ಇರುವವರು ಅಪರೂಪ, ಅಪಾಯ. ಟ್ರಿಸ್ ಅಂಥವಳು. ನಮ್ಮ ಓಣಿಯ ಕಿರಾಣಿ ಅಂಗಡಿಯವನಿಗೇ ಬೆಳಿಗ್ಗೆ ಒಂದು, ಸಂಜೆ ಒಂದು ಗುಣ ಇರುತ್ತೆ. ಆ ಜಗತ್ತನ್ನೇ ನಂಬದವರಿಗೆ ಅವಳ ಹೆಚ್ಚುಗಾರಿಕೆ ಹೇಗೆ ಒಪ್ಪಿಗೆಯಾದೀತು? ಮೇಲಾಗಿ ಮೂರನೇ ಭಾಗದಲ್ಲಿ ಕತೆಯನ್ನು ಟ್ರಿಸ್, ಅವಳ ಪ್ರಿಯಕರ ಟೋಬಿಯಾಸ್ ಇಬ್ಬರೂ ಸರದಿಯಲ್ಲಿ ಹೇಳುತ್ತಾರೆ, ಇಬ್ಬರ ದನಿಯೂ ಒಂದೇ ಥರ. ಯಾರು ಮಾತಾಡುತ್ತಿದ್ದಾರೆ ಅಂತ ನಾನು ಅಧ್ಯಾಯದ ತಲೆಬರಹ ತಿರುಗಿ ನೋಡಿದ್ದೇನೆ. ಹಾಗಂತ ಟ್ರಿಸ್‌ಗೆ ಪೂರ್ತಿ ಅನ್ಯಾಯ ಮಾಡಬಾರದು. ಗೆಳೆಯ ವಿಲ್‌ನನ್ನು ಗುಂಡಿಟ್ಟು ಕೊಂದ ಮೇಲೆ ಎರಡನೇ ಭಾಗದಲ್ಲಿ ಅವಳಿಗೆ ಬಂದೂಕು ಹಿಡಿಯೋಕೇ ಕೈ ಬರಲ್ಲ, ಆ ಭಾಗ ನಾನು ನಂಬಿದೆ.

ಒಂದು ಮಾತು ಉಳಿಯಿತು. "ಇದೇ ಸಿಡುಕು ಹುಡುಗನಲ್ಲಿದ್ದರೆ ನೀವು ಗತ್ತು ಅನ್ನುತ್ತಿದ್ದಿರಿ" ಅಂತ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದರಲ್ಲಿ ಹುರುಳಿದೆ. ನಮ್ಮ ಸಿನಿಮಾ ಹೀರೋಗಳು ಮೂರು ಗಂಟೆ ನಗದೆ ಇದ್ದರೂ ಶಿಳ್ಳೆ ಬೀಳುತ್ತೆ. ಆದರೆ ಅದನ್ನೇ ಹೇಳಿ ಹದಿನೇಳರ ಹುಡುಗಿಯ ಬಾಯಿ ಮುಚ್ಚಿಸೋದು ನನಗೆ ಸರಿ ಕಾಣಲ್ಲ. ಮತ್ತೆ ನಮ್ಮ ಕಡೆಯ ಜನಕ್ಕೆ ಸಿಟ್ಟಿನ ಹೆಣ್ಣು ಹೊಸಬಳೇನಲ್ಲ. ಬಯಲಾಟದಲ್ಲಿ ದ್ರೌಪದಿ ಕೂದಲು ಬಿಚ್ಚಿಕೊಂಡು ರಂಗದ ಮೇಲೆ ಬಂದರೆ ರಾತ್ರಿ ಎರಡು ಗಂಟೆಯಲ್ಲೂ ನಿದ್ದೆಗಣ್ಣಿನವರು ಎದ್ದು ಕೂರುತ್ತಾರೆ. ಈಕೆ ಸ್ವಲ್ಪ ನಗಬಾರದಾ ಅಂತ ಯಾರೂ ಕೇಳಲ್ಲ. ವ್ಯತ್ಯಾಸ ಏನು ಅಂದರೆ ದ್ರೌಪದಿ ತನ್ನ ಸಿಟ್ಟನ್ನು ಸಭೆಯಲ್ಲಿ ನಿಂತು ಹೇಳುತ್ತಾಳೆ, ಕೇಳುತ್ತಾಳೆ, ಶಪಥ ಮಾಡುತ್ತಾಳೆ. ಕ್ಯಾಟ್ನಿಸ್‌ಗೆ ಮಾತು ಬರಲ್ಲ. ಅವಳ ಸಿಟ್ಟು ಒಳಗೇ ಕುದಿಯುತ್ತೆ, ಭಾಷಣ ಮಾಡು ಅಂತ ಕ್ಯಾಮೆರಾ ಮುಂದೆ ನಿಲ್ಲಿಸಿದರೆ ಗೊಂಬೆಯ ಹಾಗೆ ನಿಲ್ಲುತ್ತಾಳೆ. ಕೆಲವರಿಗೆ ಅವಳು ಹಿಡಿಸದೆ ಇರೋದು ಸಿಟ್ಟಿಗಲ್ಲ, ಆ ಮೂಕತನಕ್ಕೆ.

ಹಾಗಾಗಿ, ನಿಮ್ಮದು ಯಾವುದು ಅಂತ ನೋಡಿಕೊಳ್ಳಿ. ಸೇರಲಿಲ್ಲ ಅಂತಾದರೆ ಇನ್ನೂ ಎರಡು ವರ್ಷ ಬಿಟ್ಟು ಮತ್ತೆ ಓದಿ, ಸೇರಬಹುದು, ಸೇರದೆಯೂ ಇರಬಹುದು. ಒಪ್ಪಲಿಲ್ಲ ಅಂತಾದರೆ ಯಾವ ಪುಟದಲ್ಲಿ ಅಂತ ಬೆರಳಿಟ್ಟು ತೋರಿಸಿ, ಹೊಗಳುವವರ ಜೊತೆ ಜಗಳ ಆಡಿ. ನಂಬಲಿಲ್ಲ ಅಂತಾದರೆ ಪುಸ್ತಕ ಮುಚ್ಚಿಡಿ, ಮುಲಾಜು ಬೇಡ.

ಪುಸ್ತಕ ಕುಕ್ಕಿದ ಆ ಹುಡುಗಿ ಮುಂದಿನ ವಾರ ಬಂದು ಎರಡನೇ ಭಾಗ ಒಯ್ದಳು. ಅದನ್ನು ತಂದಿಟ್ಟು ಮೂರನೆಯದನ್ನೂ ಎತ್ತಿಕೊಂಡಳು. ನಾನು ನಕ್ಕಿದ್ದಕ್ಕೆ ಬಾಗಿಲಲ್ಲಿ ನಿಂತು, "ಆಕಿ ಈಗೂ ಸೇರಂಗಿಲ್ರಿ, ಬೆಕ್ಕು ಏನಾತು ಅಂತ ನೋಡಾಕ ಅಷ್ಟ ಒಯ್ಯಾಕತ್ತೀನಿ, ನೀವೇನು ಹೇಳಬ್ಯಾಡ್ರಿ" ಅಂದಳು. ನಾನು ಹೇಳಲಿಲ್ಲ. ಪುಸ್ತಕ ಇನ್ನೂ ವಾಪಸ್ ಬಂದಿಲ್ಲ.