ಕೆಂಪು ಹಿಡಿಕೆಯ ಮತಯಂತ್ರ: ನ್ಯೂಯಾರ್ಕ್ ಯಾಕೆ ಅಷ್ಟು ಸುಲಭಕ್ಕೆ ಬಿಡಲಿಲ್ಲ?

2013ರ ಸೆಪ್ಟೆಂಬರ್ 10. ನ್ಯೂಯಾರ್ಕ್ ನಗರದಲ್ಲಿ ಮೇಯರ್ ಸ್ಥಾನದ ಪ್ರೈಮರಿ ಮತದಾನ, ಅಂದರೆ ಪಕ್ಷಗಳು ತಮ್ಮ ಅಭ್ಯರ್ಥಿಯನ್ನು ಆರಿಸುವ ಸುತ್ತು. ಮೂರು ವರ್ಷ ಹಿಂದಷ್ಟೇ ಕೋಟ್ಯಂತರ ಡಾಲರ್ ಸುರಿದು ಮತಪತ್ರ ಓದುವ ಕಂಪ್ಯೂಟರ್ ಸ್ಕ್ಯಾನರ್ ಕೊಂಡಿದ್ದ ನಗರ ಅದು. ಆದರೆ ಅವತ್ತು ಮತಗಟ್ಟೆಗೆ ಬಂದವರಿಗೆ ಕಂಡಿದ್ದು 1960ರ ದಶಕದ ಕಬ್ಬಿಣದ ಯಂತ್ರಗಳು. ಗೋದಾಮು ಸೇರಿದ್ದನ್ನು ಹೊರಗೆಳೆದು, ಎಣ್ಣೆ ಬಿಟ್ಟು, ಲಾರಿಗೆ ಹೇರಿ ತಂದಿದ್ದರು. ಒಂದೊಂದೂ 350 ಕಿಲೋಗೂ ಜಾಸ್ತಿ ತೂಕ.

ಅಮೆರಿಕನ್ನರು ಇದನ್ನು ಲಿವರ್ ಮಷೀನ್ ಅನ್ನುತ್ತಾರೆ. ನೋಡಲು ದೊಡ್ಡ ಬೀರು ಇದ್ದ ಹಾಗೆ. ಮುಂದೆ ನಿಂತು ದಪ್ಪನೆಯ ಕೆಂಪು ಹಿಡಿಕೆ ಎಳೆದರೆ ಬೆನ್ನ ಹಿಂದೆ ಪರದೆ ಮುಚ್ಚಿಕೊಳ್ಳುತ್ತದೆ. ಎದುರಿಗೆ ಎಲ್ಲ ಹುದ್ದೆಗಳೂ ಎಲ್ಲ ಅಭ್ಯರ್ಥಿಗಳೂ ಒಂದೇ ಹಲಗೆಯ ಮೇಲೆ. ಪ್ರತಿ ಹೆಸರಿಗೂ ಒಂದು ಪುಟ್ಟ ಹಿಡಿಕೆ. ಬೇಕಾದ್ದನ್ನು ಒತ್ತಿದರೆ ಪಕ್ಕದಲ್ಲಿ ಗುಣಾಕಾರದ ಗುರುತು ಕಾಣುತ್ತದೆ. ಒಂದೇ ಹುದ್ದೆಗೆ ಇಬ್ಬರನ್ನು ಒತ್ತೋಣ ಅಂದರೆ ಎರಡನೆಯದು ಅಲ್ಲಾಡುವುದೇ ಇಲ್ಲ, ಒಳಗೆ ಕೊಂಡಿ ಬಿದ್ದಿರುತ್ತದೆ. ಮನಸ್ಸು ಬದಲಾದರೆ ವಾಪಸ್ ತಿರುಗಿಸಬಹುದು. ಕೊನೆಗೆ ಕೆಂಪು ಹಿಡಿಕೆಯನ್ನು ಹಿಂದಕ್ಕೆ ತಳ್ಳಿದರೆ ದೊಡ್ಡದಾಗಿ ಸದ್ದಾಗಿ, ಹಿಂಬದಿಯ ಹಲ್ಲುಚಕ್ರಗಳು ಒಂದೊಂದು ಅಂಕಿ ಮುಂದೆ ಹೋಗುತ್ತವೆ, ಗುರುತುಗಳೆಲ್ಲ ಅಳಿಸಿಹೋಗುತ್ತವೆ, ಪರದೆ ತೆರೆಯುತ್ತದೆ. ಹಳೇ ಸ್ಕೂಟರಿನ ಕಿಲೋಮೀಟರ್ ಮೀಟರ್ ನೆನಪಿದೆ ಅಲ್ವಾ? ಹೆಚ್ಚುಕಡಿಮೆ ಅದೇ ಕೆಲಸ.

ಮತದಾನ ಮುಗಿದ ಮೇಲೆ ಬೀಗ ತೆಗೆದು ಹಿಂಬಾಗಿಲು ತೆರೆಯುತ್ತಿದ್ದರು. ಒಬ್ಬರು ಅಂಕಿಗಳನ್ನು ಗಟ್ಟಿಯಾಗಿ ಓದುವುದು, ಎರಡೂ ಪಕ್ಷದವರು ಎದುರಿಗೇ ನಿಂತು ಬರೆದುಕೊಳ್ಳುವುದು. ಎಣಿಕೆ ಅಂದರೆ ಅಷ್ಟೇ.

ಇದರ ಹುಟ್ಟಿಗೂ ಕಾರಣ ಅನುಮಾನವೇ. ಹತ್ತೊಂಬತ್ತನೇ ಶತಮಾನದ ನ್ಯೂಯಾರ್ಕಿನಲ್ಲಿ ಚುನಾವಣೆ ಅಂದರೆ ಪೆಟ್ಟಿಗೆಗೆ ಕಳ್ಳ ಮತಪತ್ರ ತುಂಬುವುದು, ರಾತ್ರಿ ಎಣಿಸುವಾಗ ಕೈಚಳಕ ತೋರಿಸುವುದು ಎಲ್ಲ ಮಾಮೂಲಾಗಿತ್ತು. ರೋಚೆಸ್ಟರ್ ಊರಿನ ಜೇಕಬ್ ಮೈಯರ್ಸ್ ಎಂಬಾತ ಕಳ್ಳರು ಮುರಿಯಲಾಗದ ತಿಜೋರಿ ಮಾಡುತ್ತಿದ್ದವನು. ಮತಕ್ಕೂ ಒಂದು ತಿಜೋರಿ ಬೇಕು ಅಂತ ಅವನಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅವನ ಯಂತ್ರ ಮೊದಲು ಬಳಕೆಯಾದದ್ದು 1892ರಲ್ಲಿ, ಅದೇ ರಾಜ್ಯದ ಲಾಕ್‌ಪೋರ್ಟಿನಲ್ಲಿ. 1930ರ ದಶಕದ ಹೊತ್ತಿಗೆ ಅಮೆರಿಕದ ದೊಡ್ಡ ನಗರಗಳಲ್ಲೆಲ್ಲ ಇದೇ ಬಂತು. 1960ರ ದಶಕದಲ್ಲಿ ಆ ದೇಶದ ಅರ್ಧಕ್ಕೂ ಹೆಚ್ಚು ಮತ ಇದರಲ್ಲೇ ಬೀಳುತ್ತಿತ್ತು.

ಕಥೆ ತಿರುಗಿದ್ದು 2000ದಲ್ಲಿ. ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಫ್ಲೋರಿಡಾದಲ್ಲಿ ಬುಷ್ ಗೆದ್ದದ್ದು ಬರೀ 537 ಮತಗಳಿಂದ. ಅಲ್ಲಿ ಬಹಳ ಕಡೆ ಕಾರ್ಡಿಗೆ ತೂತು ಹಾಕಿ ಮತ ಕೊಡುತ್ತಿದ್ದರು. ಪೂರ್ತಿ ತೂತಾಗದೆ ನೇತಾಡುತ್ತಿದ್ದ ಕಾರ್ಡಿನ ಚೂರುಗಳನ್ನು ಅಧಿಕಾರಿಗಳು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದ ಫೋಟೊಗಳು ಜಗತ್ತಿಗೆಲ್ಲ ಹೋದವು. 2002ರಲ್ಲಿ ಅಮೆರಿಕದ ಸಂಸತ್ತು ಹೊಸ ಕಾನೂನು ಮಾಡಿತು: ಹಳೆಯದನ್ನು ಬದಲಾಯಿಸಿ, ದುಡ್ಡು ನಾವು ಕೊಡುತ್ತೇವೆ ಅಂತ. ತಪ್ಪು ಮಾಡಿದ್ದು ತೂತು ಹಾಕುವ ಕಾರ್ಡು, ಜೊತೆಗೆ ಗೇಟ್‌ಪಾಸ್ ಸಿಕ್ಕಿದ್ದು ಹಿಡಿಕೆಯ ಯಂತ್ರಕ್ಕೂ.

ಅದೇ ಚುನಾವಣೆಯ ರಾತ್ರಿ ಫ್ಲೋರಿಡಾದ ವೊಲುಸಿಯಾ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಇನ್ನೊಂದು ಘಟನೆ ನಡೆದಿತ್ತು. ಒಂದು ಮತಗಟ್ಟೆಯಲ್ಲಿ ಬುಷ್ ಎದುರಾಳಿ ಅಲ್ ಗೋರ್‌ಗೆ ಮೈನಸ್ 16,022 ಮತ ಬಿದ್ದಿದೆ ಎಂದು ಕಂಪ್ಯೂಟರ್ ಲೆಕ್ಕ ಕೊಟ್ಟಿತು. ಹೌದು, ಮೈನಸ್. ಆಮೇಲೆ ಸರಿಪಡಿಸಿದರು, ಅದು ಬೇರೆ ಮಾತು. ಇದೇ ಸಂಖ್ಯೆ ಮೈನಸ್ ಇಲ್ಲದೆ ಸುಮ್ನೆ ಒಂದು ಇನ್ನೂರು ಮುನ್ನೂರು ಏರುಪೇರಾಗಿ ಬಂದಿದ್ದರೆ ಯಾರ ಕಣ್ಣಿಗೆ ಬೀಳುತ್ತಿತ್ತು?

ಹಳೆ ಯಂತ್ರವೇ ಇರಲಿ ಎಂದವರ ವಾದದ ಬೇರು ಇಲ್ಲೇ ಇರುವುದು. ಹಳೆಯದರ ಮೇಲಿನ ಮೋಹ ಅಂತ ಅವರನ್ನು ತಳ್ಳಿಹಾಕುವುದು ಸುಲಭ, ಆದರೆ ಅದು ಸರಿಯಲ್ಲ. ಹಿಡಿಕೆಯ ಯಂತ್ರದಲ್ಲಿ ಮೋಸ ಆಗಲ್ಲ ಅಂತ ಅವರು ಯಾವತ್ತೂ ಹೇಳಲಿಲ್ಲ. ಮೋಸ ಮಾಡಬೇಕಾದರೆ ಒಂದೊಂದೇ ಯಂತ್ರದ ಹಿಂಬಾಗಿಲು ತೆಗೆಯಬೇಕು, ಚಕ್ರಕ್ಕೆ ಅಡ್ಡ ಹಾಕಬೇಕು ಅಂದರು. ಅದು ಚಿಲ್ಲರೆ ಮೋಸ. ಸಾಫ್ಟ್‌ವೇರ್ ಆದರೆ ಒಬ್ಬನೇ ಒಂದು ಕಡೆ ಕೂತು ಸಾವಿರ ಯಂತ್ರ ಕೆಡಿಸಬಹುದು, ಅದು ಸಗಟು. 2006ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಡೀಬೋಲ್ಡ್ ಕಂಪನಿಯ ಮತಯಂತ್ರಕ್ಕೆ ವೈರಸ್ ಬಿಟ್ಟು, ಅದು ಮೆಮರಿ ಕಾರ್ಡಿನ ಮೂಲಕ ಯಂತ್ರದಿಂದ ಯಂತ್ರಕ್ಕೆ ಹರಡುವುದನ್ನು ತೋರಿಸಿದ್ದರು. 2009ರ ಮಾರ್ಚಿನಲ್ಲಿ ಜರ್ಮನಿಯ ಸಾಂವಿಧಾನಿಕ ಕೋರ್ಟು ಇನ್ನೂ ಮುಂದೆ ಹೋಯಿತು. ವಿಶೇಷ ಪರಿಣತಿ ಇಲ್ಲದ ಮಾಮೂಲಿ ನಾಗರಿಕನಿಗೂ ಎಣಿಕೆಯ ಮುಖ್ಯ ಹಂತಗಳನ್ನು ಪರೀಕ್ಷಿಸಲು ಬರಬೇಕು ಎಂದು ಹೇಳಿ, ಅಲ್ಲಿ ಬಳಸಿದ್ದ ಕಂಪ್ಯೂಟರ್ ಮತಯಂತ್ರಗಳು ಸಂವಿಧಾನಕ್ಕೆ ಒಪ್ಪುವುದಿಲ್ಲ ಅಂದಿತು.

ಆದರೆ ಈ ವಾದಕ್ಕೂ ಒಂದು ದೊಡ್ಡ ತೂತಿದೆ. ಹಿಡಿಕೆಯ ಯಂತ್ರದಲ್ಲಿ ಕಾಗದವೇ ಇಲ್ಲ! ಉಳಿಯುವುದು ಒಟ್ಟು ಮೊತ್ತ ಮಾತ್ರ. ಅನುಮಾನ ಬಂದರೆ ಮರುಎಣಿಕೆ ಮಾಡಲು ಏನೂ ಇರಲ್ಲ, ಅದೇ ಅಂಕಿಯನ್ನು ಇನ್ನೊಮ್ಮೆ ಓದಬಹುದು ಅಷ್ಟೇ. ಇನ್ನೂ ಒಂದು ವಿಷಯ ಪರಿಣತರ ಗಮನಕ್ಕೆ ಬಂದಿತ್ತು. ಈ ಯಂತ್ರಗಳ ಫಲಿತಾಂಶದಲ್ಲಿ 99 ಎಂಬ ಅಂಕಿ ಬರಬೇಕಾದ್ದಕ್ಕಿಂತ ಜಾಸ್ತಿ ಬರುತ್ತಿತ್ತು. 99 ಹೋಗಿ 100 ಆಗಲು ಮೂರೂ ಚಕ್ರ ಒಟ್ಟಿಗೆ ತಿರುಗಬೇಕು. ಸವೆದ ಯಂತ್ರಕ್ಕೆ ಅಷ್ಟು ಶಕ್ತಿ ಸಾಲದೆ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ನೂರನೆಯವನ ಮತ ಸದ್ದಿಲ್ಲದೆ ಮಾಯ. ಕಣ್ಣು ಕಾಣದವರಿಗೆ, ಗಾಲಿಕುರ್ಚಿಯಲ್ಲಿ ಬಂದವರಿಗೆ ಇದರಲ್ಲಿ ಒಬ್ಬರೇ ಮತ ಹಾಕಲು ಆಗುತ್ತಲೂ ಇರಲಿಲ್ಲ. ಹೊಸ ಕಾನೂನು ಅದನ್ನೂ ಕೇಳಿತ್ತು, ನ್ಯಾಯವಾಗಿಯೇ.

ಬೇರೆ ರಾಜ್ಯಗಳು ಬೇಗ ಬದಲಾದವು. ನ್ಯೂಯಾರ್ಕ್ ಮಾತ್ರ ಎಳೆದಾಡಿತು. 2006ರಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಆ ರಾಜ್ಯದ ಮೇಲೆ ಕೇಸನ್ನೇ ಹಾಕಿತು. 2010ರಲ್ಲಿ ನ್ಯೂಯಾರ್ಕ್ ನಗರಕ್ಕೂ ಸ್ಕ್ಯಾನರ್ ಬಂತು. ಕಾಗದದ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ ತೂರಿಸಿದರೆ ಯಂತ್ರ ಓದಿ ಕೂಡುತ್ತದೆ, ಕಾಗದ ಕೆಳಗಿನ ಪೆಟ್ಟಿಗೆಗೆ ಬೀಳುತ್ತದೆ. ಮೊದಲ ದಿನವೇ ಕೆಲವು ಮತಗಟ್ಟೆ ತಡವಾಗಿ ತೆರೆದವು, ಯಂತ್ರಗಳು ಕೈಕೊಟ್ಟವು. ಆಗಿನ ಮೇಯರ್ ಬ್ಲೂಮ್‌ಬರ್ಗ್ ಬಹಿರಂಗವಾಗಿಯೇ ಸಿಡಿಮಿಡಿಗೊಂಡರು.

ಹಾಗಾದರೆ 2013ರಲ್ಲಿ ಮತ್ತೆ ಕಬ್ಬಿಣ ಯಾಕೆ? ಆಗಿನ ನಿಯಮದ ಪ್ರಕಾರ ಪ್ರೈಮರಿಯಲ್ಲಿ ಯಾರಿಗೂ 40% ಮತ ಬರದಿದ್ದರೆ ಮೊದಲಿಬ್ಬರ ನಡುವೆ ಇನ್ನೊಂದು ಸುತ್ತು ನಡೆಯಬೇಕಿತ್ತು. ಮಧ್ಯೆ ಇದ್ದದ್ದು ಎರಡು ಮೂರು ವಾರ. ಅಷ್ಟರಲ್ಲಿ ಎಣಿಕೆ ಮುಗಿಸಿ, ಹೊಸ ಮತಪತ್ರ ಅಚ್ಚು ಹಾಕಿಸಿ, ಸ್ಕ್ಯಾನರ್‌ಗಳನ್ನು ಮತ್ತೆ ಪರೀಕ್ಷಿಸಲು ಆಗಲ್ಲ ಎಂದು ಚುನಾವಣಾ ಮಂಡಳಿ ಕೈಚೆಲ್ಲಿತು. ರಾಜ್ಯ ವಿಶೇಷ ಕಾನೂನು ಮಾಡಿ ಹಳೆಯದಕ್ಕೆ ಅನುಮತಿ ಕೊಟ್ಟಿತು. ಅವತ್ತು ಅವೇನೂ ಬೆಣ್ಣೆಯ ಹಾಗೆ ಓಡಲಿಲ್ಲ. ಅಲ್ಲಲ್ಲಿ ಹಿಡಿಕೆ ಸಿಕ್ಕಿಕೊಂಡು ಜನ ಕಾಗದದಲ್ಲೇ ಮತ ಹಾಕಿದರು. ತಮಾಷೆ ಏನೆಂದರೆ, ಬಿಲ್ ಡಿ ಬ್ಲಾಸಿಯೊ 40ರ ಗೆರೆಯನ್ನು ಕೂದಲೆಳೆಯಲ್ಲಿ ದಾಟಿ, ಮೇಯರ್ ಸ್ಥಾನಕ್ಕೆ ಎರಡನೇ ಸುತ್ತೇ ಬೇಕಾಗಲಿಲ್ಲ. ನವೆಂಬರಿನ ಚುನಾವಣೆಗೆ ಮತ್ತೆ ಸ್ಕ್ಯಾನರ್.

ನಮ್ಮ ಇವಿಎಂ ಈ ಎರಡಕ್ಕೂ ಸೇರದ ಜಾತಿ. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಮಾಡುವ ಈ ಪೆಟ್ಟಿಗೆ ಮೊದಲು ಬಳಕೆಯಾದದ್ದು 1982ರಲ್ಲಿ, ಕೇರಳದ ಪರವೂರಿನಲ್ಲಿ. ಜಗಳ ಮಾತ್ರ ಅದೇ. ಕಾಗದ ಎಲ್ಲಿ ಅಂತ ಕೇಳಿ ಕೇಳಿಯೇ 2013ರಲ್ಲಿ, ಹಾಕಿದ ಮತವನ್ನು ಚೀಟಿಯಲ್ಲಿ ಅಚ್ಚು ಹಾಕಿ ತೋರಿಸುವ ವಿವಿಪ್ಯಾಟ್ ಬಂತು. ಆ ಚೀಟಿಗಳನ್ನೆಲ್ಲ ಎಣಿಸಿ ಎಂಬ ಬೇಡಿಕೆಯನ್ನು 2024ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಹಡ್ಸನ್ ನದಿಯ ದಂಡೆಯಲ್ಲಿ ಕೊಲಂಬಿಯಾ ಅನ್ನುವ ಸಣ್ಣ ಕೌಂಟಿ ಇದೆ. ಸ್ಕ್ಯಾನರ್ ಬೇಡವೆಂದರೂ ಅದು ತೆಗೆದುಕೊಳ್ಳಲೇಬೇಕಾಯಿತು. ನ್ಯೂಯಾರ್ಕ್ ಕಾನೂನಿನ ಪ್ರಕಾರ 3% ಯಂತ್ರಗಳ ಕಾಗದವನ್ನು ಕೈಯಲ್ಲಿ ಎಣಿಸಿ ತಾಳೆ ನೋಡಿದರೆ ಸಾಕು. ಆದರೆ ಅಲ್ಲಿನ ಡೆಮಾಕ್ರಟಿಕ್ ಮತ್ತು ರಿಪಬ್ಲಿಕನ್ ಚುನಾವಣಾ ಅಧಿಕಾರಿಗಳು ಸೇರಿ ಬೇರೆ ದಾರಿ ಹಿಡಿದರು. ಸ್ಕ್ಯಾನರ್ ತನ್ನ ಲೆಕ್ಕ ಹೇಳಿದ ಮೇಲೆ ಪೆಟ್ಟಿಗೆ ತೆಗೆದು, ಮೇಜಿನ ಮೇಲೆ ಸುರಿದು, ಎರಡೂ ಪಕ್ಷದವರು ಜೋಡಿಯಾಗಿ ಕೂತು, ಹೆಚ್ಚುಕಡಿಮೆ ಎಲ್ಲ ಮತಪತ್ರಗಳನ್ನೂ ಒಂದೊಂದಾಗಿ ಎಣಿಸತೊಡಗಿದರು.