ಶ್ರಾಪ್‌ಶೈರ್: ಒಂದೇ ಊರಲ್ಲಿ ಉಳಿದು ನೋಡಿ

ಇಂಗ್ಲೆಂಡ್ ಪ್ರವಾಸ ಹೊಂದಿಸಿಕೊಡುವುದು ನನ್ನ ಕೆಲಸ. ಲಂಡನ್ ಸಾಕು, ಹಳ್ಳಿ ಕಡೆ ಕಳಿಸಿ ಅಂತ ಕೇಳುವವರಿಗೆ ನಾನು ಮೊದಲು ಹೇಳುವ ಹೆಸರು ಶ್ರಾಪ್‌ಶೈರ್. ವೇಲ್ಸ್ ಗಡಿಗೆ ಅಂಟಿಕೊಂಡ ಕೌಂಟಿ, ಅಂದರೆ ನಮ್ಮ ಜಿಲ್ಲೆಯ ಹಾಗೆ. ಹೊಲ, ಕುರಿ, ಗುಡ್ಡ, ಸಣ್ಣ ಪೇಟೆಗಳೇ ಜಾಸ್ತಿ. ದಿನಕ್ಕೊಂದು ಊರಲ್ಲಿ ಸೂಟ್‌ಕೇಸ್ ಬಿಚ್ಚಿ ಕಟ್ಟುತ್ತಾ ಕೂತರೆ ಇಲ್ಲಿ ಏನೂ ಸಿಗುವುದಿಲ್ಲ. ಇಲ್ಲಿನ ಮುಖ್ಯ ಪಟ್ಟಣ ಶ್ರೂಸ್‌ಬರಿಯಲ್ಲಿ ರೂಮು ಮಾಡಿ, ಮೂರ್ನಾಲ್ಕು ದಿನ ಅಲ್ಲೇ ಇರಿ.

ಬರ್ಮಿಂಗ್‌ಹ್ಯಾಮ್‌ನಿಂದ ಶ್ರೂಸ್‌ಬರಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಸೆವರ್ನ್ ನದಿ ಊರನ್ನು ಮೂರು ಕಡೆ ಬಳಸಿ ಹರಿಯುತ್ತದೆ. ಚಾರ್ಲ್ಸ್ ಡಾರ್ವಿನ್ 1809ರಲ್ಲಿ ಹುಟ್ಟಿದ್ದು ಇಲ್ಲೇ. ಓದಿದ ಶಾಲೆಯ ಹಳೇ ಕಟ್ಟಡ ಈಗ ಲೈಬ್ರರಿ.

ಒಂದು ದಿನ ಪೂರ್ತಿ ಸೆವರ್ನ್ ಕಣಿವೆಯ ಐರನ್‌ಬ್ರಿಡ್ಜ್ ಊರಿಗೆ ಇಡಿ. ಈ ಕಣಿವೆಯ ಕೋಲ್‌ಬ್ರೂಕ್‌ಡೇಲ್‌ನಲ್ಲಿ 1709ರಲ್ಲಿ ಅಬ್ರಹಾಂ ಡಾರ್ಬಿ ಇದ್ದಿಲಿನ ಬದಲು ಕಲ್ಲಿದ್ದಲಿನಿಂದ ಮಾಡಿದ ಕೋಕ್ ಉರಿಸಿ ಅದಿರಿನಿಂದ ಕಬ್ಬಿಣ ತೆಗೆದರು. ಕಾಡು ಕಡಿದು ಇದ್ದಿಲು ಸುಡುವ ಕಷ್ಟ ತಪ್ಪಿತು. ಅವರ ಮೊಮ್ಮಗ ಕಟ್ಟಿಸಿದ ಕಬ್ಬಿಣದ ಸೇತುವೆ 1779ರಲ್ಲಿ ನದಿಯ ಮೇಲೆ ಎದ್ದು ನಿಂತಿತು. ಸುಮಾರು 30 ಮೀಟರ್ ಅಗಲದ ಒಂದೇ ಕಮಾನು. ಹೆಚ್ಚಿನವರು ಸೇತುವೆ ಮೇಲೆ ನಿಂತು ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ದಯವಿಟ್ಟು ಕೆಳಗಿಳಿದು ಕೀಲುಗಳನ್ನು ನೋಡಿ. ಬಡಗಿ ಮರ ಜೋಡಿಸುವ ರೀತಿಯಲ್ಲೇ ಒಂದರ ತುದಿಯನ್ನು ಇನ್ನೊಂದರ ತೂತಿಗೆ ಕೂರಿಸಿ, ಬೆಣೆ ಹೊಡೆದು ಬಿಗಿ ಮಾಡಿದ್ದಾರೆ. ಇಷ್ಟು ದೊಡ್ಡ ಎರಕದ ಕಬ್ಬಿಣದ ಸೇತುವೆಯನ್ನು ಅದುವರೆಗೆ ಯಾರೂ ಕಟ್ಟಿರಲಿಲ್ಲ, ಹಾಗಾಗಿ ಗೊತ್ತಿದ್ದ ವಿದ್ಯೆಯನ್ನೇ ಬಳಸಿದರು. ಪಕ್ಕದ ಸುಂಕದ ಮನೆಯ ಹಲಗೆಯನ್ನೂ ಓದಿ. ಸೈನಿಕರಿಗೂ ಸುಂಕ ಉಂಟು, ರಾಜಮನೆತನಕ್ಕೂ ವಿನಾಯಿತಿ ಇಲ್ಲ ಅಂತ ಬರೆದಿದೆ.

ಗುಡ್ಡ ಹತ್ತಲು ಕಾರೇ ಬೇಕು ಅಂತಿಲ್ಲ. ಶ್ರೂಸ್‌ಬರಿಯಿಂದ ರೈಲು ಹಿಡಿದು ಚರ್ಚ್ ಸ್ಟ್ರೆಟನ್‌ನಲ್ಲಿ ಇಳಿದರೆ ಲಾಂಗ್ ಮಿಂಡ್ ಗುಡ್ಡ ಎದುರಿಗೇ ಇದೆ. ತುತ್ತತುದಿ 516 ಮೀಟರ್. ಆಗಸ್ಟ್‌ನಲ್ಲಿ ಹೆದರ್ ಎಂಬ ಪೊದೆಗಿಡ ಹೂ ಬಿಟ್ಟು ಗುಡ್ಡದ ಮೈಯೆಲ್ಲ ನೇರಳೆ. ಕಾಲುದಾರಿ ಯಾರದೋ ಹೊಲದ ನಡುವೆ ಹಾದರೆ ಹಿಂಜರಿಯಬೇಡಿ. ಹಳದಿ ಬಾಣದ ಗುರುತಿದ್ದರೆ ಅಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಇದೆ. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ, ತೆರೆದಿದ್ದರೆ ಹಾಗೇ ಬಿಡಿ. ಕುರಿ ಆಚೆ ಹೋದರೆ ರೈತನಿಗೆ ನಷ್ಟ, ಅಲ್ವಾ?

ಅದೇ ಲೈನಿನಲ್ಲಿ ಮುಂದೆ ಲಡ್ಲೋ. ಕೋಟೆ, ಸಂತೆ, ಒಳ್ಳೆಯ ಊಟ. ಸಸ್ಯಾಹಾರಿಗಳಿಗೆ ತೊಂದರೆ ಇಲ್ಲ, ಆದರೆ ಹಳ್ಳಿ ಪಬ್‌ಗಳ ಅಡುಗೆಮನೆ ಎಷ್ಟೋ ಕಡೆ ಮಧ್ಯಾಹ್ನದ ಊಟ ಮುಗಿದರೆ ಸಂಜೆವರೆಗೆ ಮುಚ್ಚಿರುತ್ತದೆ. ಭಾನುವಾರ ಹಳ್ಳಿ ಬಸ್ಸು ನಂಬಿ ಹೊರಡಬೇಡಿ, ಬಹುತೇಕ ಇರುವುದೇ ಇಲ್ಲ. ಕಾರು ತೆಗೆದುಕೊಂಡರೆ ಕಿರಿದಾದ ದಾರಿಯಲ್ಲಿ ಎದುರು ಗಾಡಿ ಬಂದಾಗ ರಿವರ್ಸ್ ಹೋಗಲು ಸಿದ್ಧರಿರಿ.

ನಮ್ಮವರಿಗೆ ಇನ್ನೊಂದು ಮಾತು ತಪ್ಪದೆ ಹೇಳುತ್ತೇನೆ. ಶ್ರೂಸ್‌ಬರಿಯ ಚೌಕದಲ್ಲಿ ರಾಬರ್ಟ್ ಕ್ಲೈವ್‌ನ ಪ್ರತಿಮೆ ಇದೆ. ಅವನು ಹುಟ್ಟಿದ್ದು ಈ ಕೌಂಟಿಯಲ್ಲೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವನ ಮಗ ಎಡ್ವರ್ಡ್ ಮದ್ರಾಸಿನ ಗವರ್ನರ್. ಹಾಗೆ ಕ್ಲೈವ್ ಮನೆತನದ ಕೈ ಸೇರಿದ ಟಿಪ್ಪುವಿನ ಹೂಬಳ್ಳಿ ಚಿತ್ತಾರದ ಡೇರೆ, ಸಿಂಹಾಸನದ ಹುಲಿತಲೆ ಈಗ ಗಡಿಯಾಚೆ ವೇಲ್ಸ್‌ನ ಪೋವಿಸ್ ಕೋಟೆಯಲ್ಲಿವೆ. ರೈಲಿನಲ್ಲಿ ವೆಲ್ಷ್‌ಪೂಲ್‌ಗೆ ಹೋಗಿ, ಅಲ್ಲಿಂದ ನಡೆದೇ ತಲುಪಬಹುದು. ಮೈಸೂರು ಸೀಮೆಯವರು ಇಷ್ಟು ಹತ್ತಿರ ಬಂದು ಅದನ್ನು ನೋಡದೆ ಹೋದರೆ ನನಗೆ ಬೇಜಾರಾಗುತ್ತದೆ. ಒಳಗಿನ ಸಂಗ್ರಹ ಯಾವ ದಿನ ತೆರೆದಿರುತ್ತದೆ ಅಂತ ಮೊದಲೇ ವಿಚಾರಿಸಿ, ಉಳಿದ ದಿನಗಳನ್ನು ಅದರ ಸುತ್ತ ಹೊಂದಿಸಿಕೊಳ್ಳಿ.